ಚುಕ್ಕಿಗಳ ನಡುವಿನ ಕೆಂಪು

ಪುಟ್ಟೀ,

ಭಾನುವಾರ ಫೋನ್ ಇಟ್ಟಿದ್ದು ನಾನೇ. ನೆಟ್‌ವರ್ಕ್ ಹೋಯಿತು ಅಂತ ಆಮೇಲೆ ಮೆಸೇಜ್ ಹಾಕಿದೆನಲ್ಲ, ಅದು ಸುಳ್ಳು. "ಅಮ್ಮಾ, ನಾನು ದುಡ್ಡು ಹಾಕಿರೋ ಯುರೇನಿಯಂ ಕಂಪನಿಗೆ ನೀನೂ ಒಂದೈದು ಸಾವಿರ ಡಾಲರ್ ಹಾಕು, ಅವರ ಹೊಸ ಷೇರಿನ ಪ್ಲೇಸ್‌ಮೆಂಟ್ ಶುಕ್ರವಾರ ಮುಗಿಯುತ್ತೆ" ಅಂದೆ ನೀನು. ನನಗೆ ಕೈಕಾಲು ತಣ್ಣಗಾಯಿತು. ನಿನಗೆ ಬುದ್ಧಿ ಇದೆಯಾ ಅಂತ ಕೂಗಿಬಿಟ್ಟೆ. ನಿನ್ನ ದುಡಿಮೆ, ನಿನ್ನ ದುಡ್ಡು, 28 ವರ್ಷ ನಿನಗೆ. ಹಾಗೆ ಕೂಗುವ ಹಕ್ಕು ಬೇರೆ ಯಾರಿಗಾದರೂ ಇದ್ದೀತು, ನನಗಿಲ್ಲ. ಯಾಕಿಲ್ಲ ಅಂತ ಹೇಳೋಕೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ನೀನು ನಡುವೆ ಮಾತಾಡುತ್ತೀಯ, ನಾನು ಜಾರಿಕೊಳ್ಳುತ್ತೇನೆ.

ಕೆನಡಾದ ಸಾಸ್ಕಟೂನಿನ ಆ ಚಿಕ್ಕ ಮನೆ, ಅಪ್ಪನ ರಾತ್ರಿ ಪಾಳಿ ಎಲ್ಲ ನಿನಗೆ ಗೊತ್ತಿರುವುದೇ. ನಾನು ಡ್ರಿಲ್ಲಿಂಗ್ ಕಂಟ್ರಾಕ್ಟರ್ ಒಬ್ಬರ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದದ್ದೂ ಗೊತ್ತು. ನಿನಗೆ ಗೊತ್ತಿಲ್ಲದ್ದು ಒಂದು ನಕ್ಷೆಯ ಕಥೆ. ಅಥವಾ ನೆನಪಿದೆಯೋ ಏನೋ. ನಿನಗಾಗ ಒಂಬತ್ತು ವರ್ಷ.

2007ರ ಮೇ ತಿಂಗಳು. ಊಟದ ಮೇಜಿನ ಮೇಲೆ ನಾನು ಆಫೀಸಿನಲ್ಲಿ ಪ್ರಿಂಟ್ ಹಾಕಿ ತಂದಿದ್ದ ನಕ್ಷೆ ಹರಡಿತ್ತು. ಊರಿನಿಂದ ಉತ್ತರಕ್ಕೆ, ಯುರೇನಿಯಂ ಗಣಿಗಳಿರುವ ಅಥಾಬಾಸ್ಕ ಬೇಸಿನ್ನಿನ ಒಂದು ಮೂಲೆ. ನಕ್ಷೆಯ ಮೇಲೆ ಹನ್ನೊಂದು ಕಪ್ಪು ಚುಕ್ಕಿ. ನೀನು ಕ್ರೇಯಾನ್ ಡಬ್ಬಿ ಹಿಡಿದು ಪಕ್ಕದಲ್ಲಿ ಬಂದು ಕೂತೆ. "ಈ ಚುಕ್ಕಿ ಏನಮ್ಮಾ?" ಅಂದೆ. ಅಲ್ಲಿ ನೆಲಕ್ಕೆ ತೂತು ಕೊರೆದಿದ್ದಾರೆ, ಒಳಗೆ ಯುರೇನಿಯಂ ಇದೆಯಾ ನೋಡೋಕೆ ಅಂದೆ. "ಎಲ್ಲದರಲ್ಲೂ ಸಿಕ್ತಾ?" ಮೂರರಲ್ಲಿ ಸ್ವಲ್ಪ ಸಿಕ್ತು ಅಂದೆ. ನೀನು ಆ ಮೂರು ಚುಕ್ಕಿಗೂ ಕೆಂಪು ಬಳಿದೆ. ಆಮೇಲೆ ಕ್ರೇಯಾನ್ ಎತ್ತಿ ನನ್ನ ಮುಖ ನೋಡಿ ಕೇಳಿದೆ. "ಮಧ್ಯದಲ್ಲಿ ಏನಿದೆ?"

ಒಂದು ಚುಕ್ಕಿಗೂ ಇನ್ನೊಂದಕ್ಕೂ ನೆಲದ ಮೇಲೆ ಇನ್ನೂರು ಮೀಟರ್ ಅಂತರ. ಒಂದೊಂದು ತೂತಿನ ಅಗಲ ನನ್ನ ಅಂಗೈಯಷ್ಟೂ ಇಲ್ಲ. ಅದರ ಬಿಲ್ ಮಾಡುತ್ತಿದ್ದವಳು ನಾನು, ಬಿಟ್ ಸೈಜ್ ಬಾಯಿಪಾಠ ಇತ್ತು. ಗೊತ್ತಿದ್ದೂ "ಮಧ್ಯದಲ್ಲೂ ಇದೆ" ಅಂದೆ. ನೀನು ಮೂರು ಚುಕ್ಕಿಯ ನಡುವಿನ ಜಾಗವನ್ನೆಲ್ಲ ಕೆಂಪು ಮಾಡಿದೆ. ಗೆರೆ ದಾಟದ ಹಾಗೆ, ನಾಲಿಗೆ ಕಚ್ಚಿಕೊಂಡು, ಎಷ್ಟು ಚೆನ್ನಾಗಿ ಬಳಿದೆ ಅಂದರೆ ನನಗೆ ಅದು ನಿಜ ಅಂತಲೇ ಅನಿಸಿತು. ಎರಡು ವಾರ ಆದಮೇಲೆ ಆ ಕಂಪನಿಯವರೇ ಹೊಸ ನಕ್ಷೆ ಬಿಟ್ಟರು. ಅವರೂ ನಡುವೆ ಬಣ್ಣ ಬಳಿದಿದ್ದರು. ಅವರದು ಹಳದಿ.

ಆ ಮೇಜಿಗೆ ಹೇಗೆ ಬಂದೆ ಅಂತ ಹೇಳುತ್ತೇನೆ. 2006ರ ಅಕ್ಟೋಬರಿನಲ್ಲಿ ಅಲ್ಲಿನ ಸಿಗಾರ್ ಲೇಕ್ ಯುರೇನಿಯಂ ಗಣಿ ಇನ್ನೂ ಕಟ್ಟುತ್ತಿರುವಾಗಲೇ ಒಳಗೆ ನೀರು ನುಗ್ಗಿತು. ಅಷ್ಟು ದೊಡ್ಡ ನಿಕ್ಷೇಪ ಸದ್ಯಕ್ಕೆ ಮಾರುಕಟ್ಟೆಗೆ ಬರಲ್ಲ ಅಂತ ಆಯಿತು. ಮೊದಲೇ ಏರುತ್ತಿದ್ದ ಯುರೇನಿಯಂ ಬೆಲೆ ಓಡತೊಡಗಿತು. 2001ರ ಹೊತ್ತಿಗೆ ಪೌಂಡಿಗೆ ಏಳು ಅಮೆರಿಕನ್ ಡಾಲರ್ ಇದ್ದದ್ದು 2007ರ ಜೂನಿನಲ್ಲಿ 136 ಆಯಿತು. ಆಫೀಸಿನಲ್ಲಿ ಊಟದ ಹೊತ್ತಿಗೆ ಬೇರೆ ಮಾತೇ ಇಲ್ಲ. ನಾವು ಐದು ಜನ. ರಿಸೆಪ್ಷನಿಸ್ಟ್, ರಿಗ್ ರಿಪೇರಿ ಮಾಡುವವನು, ಸ್ಟೋರಿನವನು, ಲೆಕ್ಕದವರು ಇಬ್ಬರು. ಯಾವ ಜೂನಿಯರ್ ಕಂಪನಿ, ಅಂದರೆ ಗಣಿ ಇಲ್ಲದೆ ನಿಕ್ಷೇಪ ಹುಡುಕುವ ಸಣ್ಣ ಕಂಪನಿ, ಎಲ್ಲಿ ಹುಡುಕುವ ಹಕ್ಕಿಗೆ ಕ್ಲೇಮ್ ಹಾಕಿದೆ, ಯಾರ ರಿಸಲ್ಟ್ ಯಾವಾಗ ಬರುತ್ತೆ. ಟ್ರೇಡಿಂಗ್ ನಿಲ್ಲಿಸಿದ್ದಾರೆ ಅಂದರೆ ಒಳ್ಳೆ ಸುದ್ದಿಯೇ ಇರಬೇಕು. ಅನುಮಾನದ ಮಾತಾಡಿದವರಿಗೆ ಬ್ಯಾಶರ್ ಅನ್ನುತ್ತಿದ್ದೆವು. ಈ ಷೇರಿನ ಮಾತಾಡುವ ನಿಮ್ಮ ಆರು ಜನರ ಗುಂಪಿನಲ್ಲಿ ಅಂಥವರಿಗೆ ಏನು ಹೆಸರಿಟ್ಟಿದ್ದೀರಿ?

ನಮ್ಮ ಆಫೀಸಿನ ಗ್ರಾಹಕರ ಷೇರು ಮುಟ್ಟಬಾರದು ಅಂತ ನಿಯಮ ಇತ್ತು. ಮುಟ್ಟಲಿಲ್ಲ. ಬೇರೊಂದು ಕಂಪನಿ ಹುಡುಕಿದೆ. ಸಿಗಾರ್ ಲೇಕಿಗೆ ಇಷ್ಟೇ ಕಿಲೋಮೀಟರ್ ಅಂತ ಪ್ರತಿ ಪ್ರಕಟಣೆಯಲ್ಲೂ ಬರೆಯುತ್ತಿದ್ದರು. ಈ ದಂಧೆಯಲ್ಲಿ ಅದಕ್ಕೆ ಕ್ಲೋಸಾಲಜಿ ಅಂತ ತಮಾಷೆಯ ಹೆಸರಿದೆ. ಪಕ್ಕದ ಮನೆಯವರು ಶ್ರೀಮಂತರು, ಆದ್ದರಿಂದ ನಾವೂ ಶ್ರೀಮಂತರು! ನಗು ಬರುತ್ತೆ ಈಗ. ನಿನ್ನ ಕಂಪನಿಯ ಪ್ರೆಸೆಂಟೇಷನ್ ಕಳಿಸಿದ್ದೆಯಲ್ಲ, ಅದರ ಮೂರನೇ ಪುಟದಲ್ಲಿ ಆ್ಯರೋ ಅನ್ನುವ ದೊಡ್ಡ ಯುರೇನಿಯಂ ನಿಕ್ಷೇಪ ಎಷ್ಟು ದೂರ ಅಂತ ಬಾಣ ಹಾಕಿದ್ದಾರೆ. ಬಾಣ ನೋಡಿದ ತಕ್ಷಣ ನಾನು ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಈಗ ಹೇಳಲೇಬೇಕಾದದ್ದು. ನಾನು ಹಾಕಿದ್ದು ನನ್ನ ದುಡ್ಡಲ್ಲ. ನಿನ್ನ ಆರ್‌ಇಎಸ್‌ಪಿ, ಓದಿಗೆ ಅಂತ ಕೂಡಿಡುವ ಖಾತೆ. ನೀನು ಹುಟ್ಟಿದ ವರ್ಷದಿಂದ ತಿಂಗಳು ತಿಂಗಳು ಕಟ್ಟಿದ್ದು, ಸರ್ಕಾರ ಅದಕ್ಕೆ ಶೇಕಡ 20 ಸೇರಿಸಿದ್ದು, ಎಲ್ಲ ಕೂಡಿ ಸುಮಾರು 22 ಸಾವಿರ ಡಾಲರ್ ಆಗಿತ್ತು. ಆ ಖಾತೆಯೊಳಗೇ ಷೇರು ತೆಗೆದುಕೊಳ್ಳುವ ಅವಕಾಶ ಇತ್ತು. ಮೊದಲು ಎಂಟು ಸಾವಿರ. ಷೇರಿಗೆ 1.40ರಂತೆ ತೆಗೆದುಕೊಂಡೆ. ಮೂರು ವಾರ 2 ಡಾಲರ್ ಮೇಲೆ ಇತ್ತು. ಆ ಮೂರು ವಾರ ನಿನ್ನ ಹೆಸರಿನ ಮುಂದೆ ಡಾಕ್ಟರ್ ಅಂತ ಸೇರಿಸಿ ಬರೆದು ನೋಡಿದ್ದೇನೆ. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ, ಹಾಗೆ. ಆಮೇಲೆ ಇಳಿಯಿತು. ಇಳಿದಾಗ ಇನ್ನಷ್ಟು ತೆಗೆದುಕೊಂಡೆ, ಆವರೇಜ್ ಮಾಡೋಕೆ, ಅಂದರೆ ಕೊಂಡ ಸರಾಸರಿ ಬೆಲೆ ಇಳಿಸೋಕೆ. ಮತ್ತೆ ಇಳಿಯಿತು, ಉಳಿದದ್ದನ್ನೂ ಹಾಕಿದೆ.

ನೀನು ಭಾನುವಾರ "ನಾನು ಕೊಟ್ಟಿದ್ದಕ್ಕಿಂತ ಕಡಿಮೆಗೆ ಸಿಗ್ತಿದೆ, ಆವರೇಜ್ ಆಗುತ್ತೆ" ಅಂದಾಗ ನನಗೆ ಕೇಳಿಸಿದ್ದು ನಿನ್ನ ದನಿಯಲ್ಲ, ನನ್ನದೇ ದನಿ.

2008 ಬಂತು. ಎಲ್ಲರ ದುಡ್ಡೂ ಕರಗಿತು. ನನಗೆ ನೆಪ ಸಿಕ್ಕಿತು. ಮಾರ್ಕೆಟ್ ಬಿತ್ತು, ಪುಟ್ಟಿಯ ಖಾತೆಯೂ ಬಿತ್ತು ಅಂತ ಅಪ್ಪನಿಗೆ ಹೇಳಿದೆ. ಅವರು "ಎಲ್ಲರಿಗೂ ಆಗಿದ್ದೇ ನಮಗೂ ಆಯ್ತು ಬಿಡು" ಅಂತ ನನಗೇ ಸಮಾಧಾನ ಹೇಳಿದರು. ಅವತ್ತು ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಬೆಲೆ ಮತ್ತೆ ಏರಿದಾಗ ಸ್ವಲ್ಪ ಉಸಿರು ಬಂತು. 2011ರ ಮಾರ್ಚಿನಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದ ದುರಂತ. ಅಷ್ಟೇ. ಕಂಪನಿ ಹತ್ತು ಹಳೇ ಷೇರಿಗೆ ಒಂದು ಹೊಸದು ಕೊಟ್ಟಿತು, ಹೆಸರು ಬದಲಾಯಿಸಿತು, ಆಮೇಲೆ ಲಿಥಿಯಂ ಹುಡುಕೋಕೆ ಹೋಯಿತು. ನೀನು 2016ರ ಸೆಪ್ಟೆಂಬರಿನಲ್ಲಿ ಯೂನಿವರ್ಸಿಟಿ ಸೇರಿದೆ. ಆ ವರ್ಷದ ನವೆಂಬರಿನಲ್ಲಿ ಯುರೇನಿಯಂ 20 ಡಾಲರಿಗಿಂತ ಕೆಳಗಿತ್ತು. ನಿನ್ನ ಖಾತೆಯಲ್ಲಿ ಇದ್ದದ್ದು 1,340 ಡಾಲರ್. ನೀನು ಓದಿಗೆ ಸಾಲ ತೆಗೆದೆ. ಸಂಜೆ ಹೊತ್ತು ಕಾಲ್ ಸೆಂಟರಿನಲ್ಲಿ ಕೂತೆ. ಒಂದು ಮಾತೂ ಆಡಲಿಲ್ಲ ನೀನು. ಅದಕ್ಕೆ ನನಗೆ ಹೆಮ್ಮೆ ಪಡುವ ಧೈರ್ಯವೂ ಬರಲಿಲ್ಲ.

ಮೋಸ ಹೋದೆ ಅಂತಲಾದರೂ ಹೇಳಿಕೊಳ್ಳೋಣ ಅಂದರೆ ಅದೂ ಇಲ್ಲ. ಬ್ರೀ-ಎಕ್ಸ್ ಅನ್ನುವ ಕಂಪನಿಯಲ್ಲಿ ಇಂಡೊನೇಷ್ಯಾದ ಮಾದರಿಗಳಿಗೆ ಚಿನ್ನ ಬೆರೆಸಿ ಇಡೀ ಕೆನಡಾಕ್ಕೆ ಟೋಪಿ ಹಾಕಿದ್ದು 1997ರಲ್ಲಿ ಬಯಲಾಗಿತ್ತು. ಆಮೇಲೆ ನಿಯಮ ಬಿಗಿಯಾಯಿತು. ಅರ್ಹ ತಜ್ಞರ ಸಹಿ ಇಲ್ಲದೆ ಯಾರೂ ಅಂಕಿ ಬಿಡುವ ಹಾಗಿಲ್ಲ. ನನ್ನ ಕಂಪನಿ ಎಲ್ಲ ಸರಿಯಾಗಿಯೇ ಬರೆದಿತ್ತು. ವಿಕಿರಣ ಅಳೆಯುವ ಸಿಂಟಿಲೋಮೀಟರ್ ರೀಡಿಂಗಿಗೂ ಯುರೇನಿಯಂ ಪ್ರಮಾಣಕ್ಕೂ ನೇರ ಸಂಬಂಧ ಇಲ್ಲ ಅಂತ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಇರುತ್ತಿತ್ತು. ಓದಿದ್ದೆ. ಓದಿಯೂ ಮೇಲಿನ ದಪ್ಪಕ್ಷರವನ್ನೇ ನಂಬಿದೆ. ಬೈಯೋಕೂ ಯಾರೂ ಸಿಗಲಿಲ್ಲ ನನಗೆ.

ಬುದ್ಧಿ ಹೇಳಬಾರದು ಅಂತಲೇ ಕೂತೆ, ಆದರೂ ಕೈ ನಿಲ್ಲುತ್ತಿಲ್ಲ. ಹೇಳಿಬಿಡುತ್ತೇನೆ, ಬೇಕಾದರೆ ಬಿಟ್ಟು ಓದು.

ಯುರೇನಿಯಂ 2024ರ ಜನವರಿಯಲ್ಲಿ ನೂರು ದಾಟಿತು, ರಿಯಾಕ್ಟರ್‌ಗಳು ಬರುತ್ತಿವೆ, ಆದ್ದರಿಂದ ಕಂಪನಿಯೂ ಏರಬೇಕು ಅಂದೆಯಲ್ಲ. ನಿನ್ನ ಕಂಪನಿಯ ಹತ್ತಿರ ಮಾರೋಕೆ ಒಂದು ಪೌಂಡ್ ಯುರೇನಿಯಂ ಇದೆಯಾ? ಅದು ಮಾರುವುದು ಒಂದನ್ನೇ, ತನ್ನ ಷೇರು. ದುಡ್ಡು ಮುಗಿದಾಗ ಷೇರು ಅಚ್ಚು ಹಾಕುತ್ತೆ, ಚಳಿಗಾಲದಲ್ಲಿ ಕೆರೆ ಗಟ್ಟಿಯಾದಾಗ ಅದರ ಮೇಲೆ ರಿಗ್ ನಿಲ್ಲಿಸಿ ಕೊರೆಸುತ್ತೆ, ವಸಂತಕ್ಕೆ ದುಡ್ಡು ಮುಗಿಯುತ್ತೆ, ಮತ್ತೆ ಅಚ್ಚು. ನಾನು ತೆಗೆದುಕೊಂಡಾಗ ನನ್ನ ಕಂಪನಿಯಲ್ಲಿ ನಾಲ್ಕು ಕೋಟಿ ಷೇರಿತ್ತು. ಐದು ವರ್ಷಕ್ಕೆ ಹದಿನೆಂಟು ಕೋಟಿ. ಕೊರೆಯುವವರಿಗೆ ಮೀಟರ್ ಲೆಕ್ಕದಲ್ಲಿ ದುಡ್ಡು ಬರುತ್ತೆ, ಸಿಕ್ಕರೂ ಬರುತ್ತೆ, ಸಿಗದಿದ್ದರೂ ಬರುತ್ತೆ. ಆ ಬಿಲ್ ಬರೆಯುತ್ತಿದ್ದವಳು ನಾನು ಪುಟ್ಟೀ! ಆ ದುಡ್ಡು ಯಾರ ಜೇಬಿನಿಂದ ಬರುತ್ತಿದೆ ಅಂತ ಒಂದು ದಿನವೂ ಯೋಚಿಸಲಿಲ್ಲ.

ಪ್ಲೇಸ್‌ಮೆಂಟಿನಲ್ಲಿ ಷೇರಿನ ಜೊತೆ ವಾರಂಟ್, ಅಂದರೆ ಮುಂದೆ ಗೊತ್ತಾದ ಬೆಲೆಗೆ ಇನ್ನಷ್ಟು ಷೇರು ಕೊಳ್ಳುವ ಹಕ್ಕು, ಕೊಡುತ್ತಾರೆ, ಪುಕ್ಕಟೆ ಅಂದೆ. ನಿನಗೆ ಕೊಟ್ಟ ಹಾಗೆ ಎಲ್ಲರಿಗೂ ಕೊಡುತ್ತಾರೆ. ಬೆಲೆ ಸ್ವಲ್ಪ ಏರಿದರೆ ದೊಡ್ಡವರು ಷೇರು ಮಾರಿ ಹಾಕಿದ ದುಡ್ಡು ತೆಗೆದುಕೊಂಡು, ವಾರಂಟ್ ಇಟ್ಟುಕೊಂಡು ಆರಾಮಾಗಿ ಕೂರುತ್ತಾರೆ. ಕೆಲವು ಪ್ಲೇಸ್‌ಮೆಂಟಿನಲ್ಲಿ ನಾಲ್ಕು ತಿಂಗಳು ಮಾರುವ ಹಾಗಿಲ್ಲ. ಆ ನಾಲ್ಕು ತಿಂಗಳು ಮುಗಿಯುವ ದಿನ ಯಾವುದು ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡು. ಫ್ಲೋ-ಥ್ರೂ ಷೇರು ತೆಗೆದುಕೊಂಡವರಿಗೆ ತೆರಿಗೆಯಲ್ಲೇ ಒಂದಷ್ಟು ವಾಪಸ್ ಬಂದಿರುತ್ತೆ, ಅವರಿಗೆ ಸ್ವಲ್ಪ ಕಡಿಮೆಗೆ ಮಾರಿದರೂ ನಷ್ಟ ಆಗದಿರಬಹುದು. ನಿನಗೆ ಆಗುತ್ತೆ.

ಮತ್ತೆ ಆ ರಿಸಲ್ಟ್. "ಉತ್ತೇಜನಕಾರಿ ಆಲ್ಟರೇಷನ್" ಅಂತ ಬರೆದಿದ್ದಾರೆ. ಅಂದರೆ ಬಂಡೆಯ ಬಣ್ಣ ಬದಲಾಗಿದೆ, ಜೇಡಿ ಸಿಕ್ಕಿದೆ. ಯುರೇನಿಯಂ ಸಿಕ್ಕಿದ್ದರೆ ಯುರೇನಿಯಂ ಅಂತಲೇ ಬರೆಯುತ್ತಿದ್ದರು, ಅಲ್ವಾ? ಸಿಕ್ಕಿದ್ದು ಒಂದೇ ತೂತಿನಲ್ಲಿ, ಅರ್ಧ ಮೀಟರ್ ಉದ್ದಕ್ಕೆ, ಅದೂ ಶೇಕಡ 0.1. ಸಿಗಾರ್ ಲೇಕಿನ ಅದಿರಿನಲ್ಲಿ ಶೇಕಡ 10ಕ್ಕಿಂತ ಜಾಸ್ತಿ ಇದೆ. ಅದು ಪತ್ತೆಯಾಗಿದ್ದು 1981ರಲ್ಲಿ, ಮೊದಲ ಅದಿರು ಮೇಲೆ ಬಂದದ್ದು 2014ರಲ್ಲಿ. ಲೆಕ್ಕ ಹಾಕು, ನಿನ್ನ ವಯಸ್ಸಿಗಿಂತ ಜಾಸ್ತಿ.

ಗೆದ್ದವರೇ ಇಲ್ಲ ಅನ್ನುವುದಿಲ್ಲ. ಹ್ಯಾಥರ್ ಅನ್ನುವ ಸಣ್ಣ ಕಂಪನಿ 2008ರಲ್ಲಿ ರಫ್‌ರೈಡರ್ ನಿಕ್ಷೇಪ ಕಂಡುಹಿಡಿಯಿತು. ದೊಡ್ಡ ಗಣಿ ಕಂಪನಿಗಳಾದ ಕ್ಯಾಮೆಕೋ, ರಿಯೋ ಟಿಂಟೋ ಎರಡೂ ಪೈಪೋಟಿಗೆ ಬಿದ್ದು, ಕೊನೆಗೆ ರಿಯೋ ಸುಮಾರು 65 ಕೋಟಿ ಕೆನಡಿಯನ್ ಡಾಲರ್ ಕೊಟ್ಟು ಕೊಂಡಿತು. ನಮ್ಮ ಊಟದ ಮೇಜಿನ ರಿಗ್ ರಿಪೇರಿಯವನ ಹತ್ತಿರ ಆ ಷೇರಿತ್ತು. ಅವನು ಟ್ರಕ್ ತೆಗೆದುಕೊಂಡ. ನಾನು ಮನೆಗೆ ಬಂದು ಬಾತ್‌ರೂಮಿನಲ್ಲಿ ಅತ್ತೆ. ಹೊಟ್ಟೆಕಿಚ್ಚು, ಮತ್ತೇನೂ ಅಲ್ಲ. ಹತ್ತು ವರ್ಷ ಆದಮೇಲೆ ರಿಯೋ ಅದನ್ನು 15 ಕೋಟಿ ಅಮೆರಿಕನ್ ಡಾಲರಿಗೆ ಮಾರಿತು. ಗಣಿ ತೋಡಲೇ ಇಲ್ಲ. ಇದನ್ನು ಯಾಕೆ ಬರೆದೆ? ಸಮಾಧಾನಕ್ಕೆ ಇರಬೇಕು. ಟ್ರಕ್ಕಂತೂ ಅವನ ಹತ್ತಿರವೇ ಇದೆ.

ನೋಡು, ಪಾಠ ಮಾಡಿಬಿಟ್ಟೆ. ಪೂರ್ತಿ ಒಂದು ಪುಟ.

ನಿಜ ಹೇಳಬೇಕು ಅಂದರೆ ನೀನು ನನಗಿಂತ ಜಾಣೆ. ಕಂಪನಿಯ ಲೆಕ್ಕಪತ್ರ ಓದುತ್ತೀಯ. ಮನೆ ಕೊಳ್ಳೋಕೆ ಕೂಡಿಟ್ಟ ದುಡ್ಡಿನಲ್ಲಿ ಎಷ್ಟು ಹಾಕಿದ್ದೀಯ ಅಂತ ಲೆಕ್ಕ ಇಟ್ಟಿದ್ದೀಯ, ನನ್ನ ಹಾಗೆ ಬಚ್ಚಿಟ್ಟಿಲ್ಲ, ನನಗೇ ಫೋನ್ ಮಾಡಿ ಹೇಳಿದೆ. ನಾನು ಒಂಬತ್ತು ವರ್ಷದ ಮಗುವಿಗೆ ಸುಳ್ಳು ಹೇಳಿದವಳು. ಬಣ್ಣ ಬಳಿದದ್ದು ನೀನು, ಬಳಿ ಅಂದದ್ದು ನಾನು. ರಾತ್ರಿ ಎದ್ದು ಕೂತಾಗ ದುಡ್ಡಿನ ನೆನಪು ಬರುವುದಿಲ್ಲ. ನಿನ್ನ ಕೈ ನೆನಪಾಗುತ್ತೆ. ಬೆರಳಿಗೆ ಅಂಟಿದ್ದ ಆ ಕೆಂಪು ಮೇಣ. ನೀನು ಅದನ್ನು ನನ್ನ ಸೀರೆಗೆ ಒರೆಸಿದೆ.

ಶುಕ್ರವಾರ ನೀನು ಏನು ಮಾಡುತ್ತೀಯೋ ನಿನ್ನ ಇಷ್ಟ. ನಾನು ಆ ಐದು ಸಾವಿರ ಹಾಕುವುದಿಲ್ಲ. ನಿನ್ನ ಓದಿನ ಸಾಲ ಇನ್ನೂ ಆರು ಸಾವಿರದ ಚಿಲ್ಲರೆ ಇದೆ ಅಂತ ಹೋದ ಸಲ ನೀನೇ ಹೇಳಿದ್ದೆ. ಅದರ ಅಕೌಂಟ್ ನಂಬರ್ ಕಳಿಸು. ಬೇಡ ಅನ್ನಬೇಡ. ಅದು ನಿನ್ನ ಸಾಲ ಅಲ್ಲ, ನನ್ನದು.

ನಕ್ಷೆ ಇನ್ನೂ ನನ್ನ ಹತ್ತಿರ ಇದೆ. ತೆರಿಗೆ ಕಾಗದಗಳ ಕೆಳಗೆ, ಮಡಿಚಿ ಇಟ್ಟಿದ್ದೇನೆ. ಅಪ್ಪ ಎಷ್ಟೋ ಸಲ ಆ ಡ್ರಾಯರ್ ತೆಗೆದಿದ್ದಾರೆ. ಪ್ರತಿ ಸಲವೂ ನನ್ನ ಎದೆ ಹೊಡೆದುಕೊಂಡಿದೆ. ಗುರುವಾರ ಅವರಿಗೆ ರಜೆ. ಅವತ್ತು ನಾನೇ ಅದನ್ನು ಮೇಜಿನ ಮೇಲೆ ಹರಡಿ ಎಲ್ಲ ಹೇಳುತ್ತೇನೆ. ನಿನಗೆ ಮೊದಲು ಹೇಳಬೇಕು ಅನಿಸಿತು, ದುಡ್ಡು ನಿನ್ನದಾಗಿತ್ತು.

ಗುರುವಾರ ರಾತ್ರಿ ಅವರು ನಿನಗೆ ಫೋನ್ ಮಾಡಬಹುದು. ಎಷ್ಟು ಹೊತ್ತಾದರೂ ಎತ್ತು.

ಅಮ್ಮ