ಕೋರೆಯ ಗಿಡಗಳನ್ನು ನೋಡಲು ಮುಂದಿನ ವರ್ಷವೂ ಯಾರಾದರೂ ಬರಲಿ

ಮಾನ್ಯ ಸಂಪಾದಕರೇ,

ಹಿರಿಯಡಕದ ಹತ್ತಿರ ನಮಗೊಂದು ಗುಡ್ಡೆ ಜಾಗ ಇದೆ. ಮಾವ ಇದ್ದಾಗ ಕೆಂಪುಕಲ್ಲು ಕಡಿಯಲು ಕೊಟ್ಟಿದ್ದರು. ಕಲ್ಲು ಮುಗಿಯಿತು, ಕೋರೆಯ ಹೊಂಡ ಉಳಿಯಿತು. ಮಳೆಗಾಲದಲ್ಲಿ ಕೆರೆ, ಮಾರ್ಚ್‌ನಲ್ಲಿ ಕಾದ ಕಾವಲಿ. ವನಮಹೋತ್ಸವದ ಹೊತ್ತಿಗೆ ಎರಡು ಸಲ ಗಿಡ ನೆಟ್ಟೆವು. ಒಂದೂ ಉಳಿಯಲಿಲ್ಲ.

ಕಳೆದ ವರ್ಷ ಎಂ.ಎಸ್ಸಿ. ಓದುವ ಹುಡುಗಿಯೊಬ್ಬಳು ಬಂದು, "ಆಂಟಿ, ಈ ಹೊಂಡದಲ್ಲಿ ನನ್ನ ಪ್ರಾಜೆಕ್ಟ್ ಮಾಡ್ಲಾ?" ಎಂದು ಕೇಳಿದಳು. ಮೊದಲ ದಿನ ತಂದದ್ದು ಗಿಡ ಅಲ್ಲ, ಹಾರೆ. ನಮ್ಮ ಸತ್ತ ಗೇರು ಗಿಡವೊಂದನ್ನು ಬೇರು ಸಮೇತ ಎಬ್ಬಿಸಿ ತೋರಿಸಿದಳು. ಬೇರು ಕೆಳಗೆ ಇಳಿದೇ ಇರಲಿಲ್ಲ. ಗುಂಡಿಯ ಬದಿಗೆ ತಾಗಿ, ಹೂಚಟ್ಟಿಯಲ್ಲಿ ಬೆಳೆದ ಹಾಗೆ ಸುತ್ತಿಕೊಂಡಿತ್ತು. ನೀರು ಸಾಲದೆ ಸತ್ತಿತು ಅಂತ ನಾನು ಎಣಿಸಿದ್ದೆ.

ಅಮೆರಿಕದ ಕಲ್ಲಿದ್ದಲು ಗಣಿಗಳ ಕತೆಯನ್ನೂ ಅವಳೇ ಹೇಳಿದ್ದು. ಅಗೆದ ಜಾಗವನ್ನು ಸರಿಮಾಡಿ ಕೊಡಬೇಕು ಅಂತ ಅಲ್ಲಿ 1977ರಲ್ಲಿ ಕಾನೂನು ಬಂತು. ಬುಲ್ಡೋಜರ್ ಓಡಿಸಿ ಮಣ್ಣು ಗಟ್ಟಿ ಮಾಡಿ ಹುಲ್ಲು ಬಿತ್ತಿದರು. ಹಸಿರೇನೋ ಆಯಿತು, ಮರ ಏಳಲಿಲ್ಲ. ಕೊನೆಗೆ ಸಂಶೋಧಕರು, ಮೇಲಿನ 4 ಅಡಿಯಷ್ಟು ಮಣ್ಣನ್ನು ಸಡಿಲವಾಗಿಯೇ ಬಿಡಿ ಎಂದರು.

ಇಲ್ಲಿಯೂ ಅವಳು ತಳದ ಕಲ್ಲು ಒಡೆಸಿ, ಕೋರೆಯ ಬದಿಗೆ ರಾಶಿ ಹಾಕಿದ್ದ ಹಳೆಯ ಮೇಲ್ಮಣ್ಣನ್ನು ತುಂಬಿಸಿದಳು. ಕೆಲವು ಗುಂಡಿಗೆ ಹಟ್ಟಿಗೊಬ್ಬರ, ಕೆಲವಕ್ಕೆ ಕಾಡಿನ ಮರದ ಬುಡದ ಒಂದು ಹಿಡಿ ಮಣ್ಣು. ಬೇರಿಗೆ ನೀರು, ಸಾರ ಎಳೆದುಕೊಡುವ ಶಿಲೀಂಧ್ರ ಅದರಲ್ಲಿ ಇರುತ್ತದಂತೆ. ಬಾಗೆ, ಹೊನ್ನೆ, ನೇರಳೆ ನೆಟ್ಟಳು. ಪ್ರತಿ ತಿಂಗಳೂ ಬಂದು ಬುಡದ ದಪ್ಪ ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದಳು. ಬೇಸಗೆಯಲ್ಲಿ ಹೊನ್ನೆ ಎಲೆ ಉದುರಿಸಿತು. ಸತ್ತೇ ಹೋಯಿತು ಎಂದು ನನಗೆ ಸಂಕಟ. ಅವಳು ಉಗುರಿನಿಂದ ತೊಗಟೆ ಒಂಚೂರು ಕೆರೆದಳು, ಒಳಗೆ ಹಸಿರು! ಮೊದಲ ಮಳೆಗೆ ಚಿಗುರಿತು.

ಈಗ ಪ್ರಾಜೆಕ್ಟ್ ಮುಗಿದಿದೆ. ಹುಡುಗಿ ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದಾಳೆ. ಅವಳದ್ದೇನೂ ತಪ್ಪಿಲ್ಲ. ಆದರೆ ಒಂದು ಮಳೆಗಾಲ, ಒಂದು ಬೇಸಗೆ ನೋಡಿದರೆ ಮರದ ವಿಷಯ ಏನು ತಿಳಿಯುತ್ತದೆ? ಬೇರು ಆ ಗುಂಡಿ ದಾಟುತ್ತದೋ ಇಲ್ಲವೋ ಎಂದು ಗೊತ್ತಾಗುವುದೇ ಇನ್ನು ಮೇಲೆ ಅಲ್ವಾ?

ಕುದುರೆಮುಖದ ಕಬ್ಬಿಣದ ಅದಿರಿನ ಗಣಿ 2005ರ ಕೊನೆಗೆ ನಿಂತದ್ದು ಎಲ್ಲರಿಗೂ ಗೊತ್ತು. ಆದರೆ ಊರೂರಿನ ಕೋರೆ ಹೊಂಡಗಳು ಸುದ್ದಿಯಾಗುವುದು ಅದರಲ್ಲಿ ಮಕ್ಕಳು ಮುಳುಗಿದಾಗ ಮಾತ್ರ. ಮಂಗಳೂರು, ಉಡುಪಿಯ ಕಾಲೇಜುಗಳಲ್ಲಿ ನನ್ನದೊಂದು ವಿನಂತಿ. ಪ್ರತಿ ಬ್ಯಾಚಿಗೂ ಹೊಸ ಜಾಗ, ಹೊಸ ಗಿಡ ಬೇಡ. ಅದೇ ಜಾಗ, ಅದೇ ಅಳತೆ ಪುಸ್ತಕ ಮುಂದಿನವರ ಕೈಗೆ ಹೋಗಲಿ. ಹತ್ತು ವರ್ಷ ಹೀಗೆ ನಡೆದರೆ ಯಾವ ಮರ, ಯಾವ ಮಣ್ಣು ಅಂತ ನಮ್ಮಂಥವರಿಗೆ ಧೈರ್ಯವಾಗಿ ಹೇಳಬಹುದು. ಜಾಗ ಕೊಡಲು ನಾವಿದ್ದೇವೆ.

ಗಿಡಗಳ ನಂಬರ್ ಫಲಕಗಳು ಬಿಸಿಲಿಗೆ ಮಾಸಿದ್ದವು. ಮೊನ್ನೆ ನಾನೇ ಪೈಂಟ್ ತಂದು ಮತ್ತೆ ಬರೆದಿದ್ದೇನೆ.

– ಒಬ್ಬ ಕೃಷಿಕ ಮಹಿಳೆ, ಹಿರಿಯಡಕ