ಎರಡನೇ ಅರ್ಧದಲ್ಲಿ ಮೂರೇ

ತೀರ್ಥಹಳ್ಳಿ ತಾಲ್ಲೂಕು
25 ಅಕ್ಟೋಬರ್ 2025, ಶನಿವಾರ

ಪ್ರೀತಿಯ ಪುಟ್ಟಿ,

ದೊಡ್ಡ ಹಬ್ಬ ಮುಗಿಯಿತು. ನೀನು ಬರಲಿಲ್ಲ. ಬಸ್ಸಿನ ಸದ್ದು ಕೇಳಿದಾಗಲೆಲ್ಲ ಅಜ್ಜಿ ಜಗಲಿಗೆ ಬಂದು ನಿಲ್ಲುತ್ತಿದ್ದಳು. ಬುಧವಾರ ಗೋಪೂಜೆ. ಗೌರಿಯ ಕೊರಳಿಗೆ ಚೆಂಡುಹೂವಿನ ಮಾಲೆ, ಅಡಿಕೆ ಸರ ಕಟ್ಟುವುದು ಪ್ರತಿವರ್ಷ ನಿನ್ನ ಕೆಲಸವಲ್ಲವೇ, ಈ ಸಲ ನಾನು ಕಟ್ಟಲು ಹೋದರೆ ಕೊಂಬು ಬೀಸಿದಳು. ರಾತ್ರಿ ಅಂಟಿಕೆ ಪಂಟಿಕೆಯವರು ದೀಪ ಹಿಡಿದು ಬಂದರು. ಹಾಡು ಮುಗಿಸಿ, ದೀಪಕ್ಕೆ ಎಣ್ಣೆ ಹಾಕಿಸಿಕೊಂಡು ಹೊರಡುವಾಗ ಅವರಲ್ಲೊಬ್ಬ, "ನಿಮ್ಮ ಫುಟ್‌ಬಾಲ್ ಹುಡುಗಿ ಎಲ್ಲಿ?" ಎಂದು ಕೇಳಿದ. "ಬೆಂಗಳೂರಿನಲ್ಲಿ, ಅಭ್ಯಾಸ ಇದೆ" ಎಂದೆ. ಅಮ್ಮ ನನ್ನ ಮುಖವನ್ನೇ ನೋಡಿದಳು. ನಿನ್ನ ಜೊತೆ ಮಾತು ಬಿಟ್ಟು ಮೂರು ವಾರವಾಯಿತೆಂದು ಹೇಳುವುದು ಹೇಗೆ?

ಪಟ್ಟಿಯಲ್ಲಿ ನಿನ್ನ ಹೆಸರಿಲ್ಲವೆಂದು ತಿಳಿದು, ಊರಿಗೆ ಬಂದುಬಿಡು ಎಂದೆ. ಆಮೇಲೆ ಫೋನಿನಲ್ಲಿ ನಡೆದದ್ದನ್ನು ಮತ್ತೆ ಬರೆಯುವುದಿಲ್ಲ, ಇಬ್ಬರಿಗೂ ಗೊತ್ತಿದೆ. ಒಂದು ಮಾತನ್ನು ಮಾತ್ರ ವಾಪಸು ತೆಗೆದುಕೊಳ್ಳುತ್ತೇನೆ. "ಅಲ್ಲಿ ನಮ್ಮವರು ಎಂದು ಯಾರಿದ್ದಾರೆ?" ಎಂದೆನಲ್ಲ, ಅದು. ಅದಕ್ಕೆ ನೀನು, "ಆ ಮೂವರೂ ನನಗಿಂತ ಚೆನ್ನಾಗಿ ಹಿಡಿಯುತ್ತಾರೆ ಅಪ್ಪ" ಎಂದೆ. ಭಾರತ ತಂಡಕ್ಕೆ ಇಪ್ಪತ್ತಮೂರು ಜನರ ಪಟ್ಟಿ, ಅದರಲ್ಲಿ ಗೋಲ್‌ಕೀಪರುಗಳು ಮೂವರು, ನೀನು ನಾಲ್ಕನೆಯವಳು. ಅಷ್ಟೇ. ಹದಿನಾರು ವರ್ಷಕ್ಕೆ ನಿನ್ನ ಬಾಯಲ್ಲಿ ಬಂದ ಆ ಮಾತು ನಲವತ್ತೆಂಟಕ್ಕೂ ನನ್ನ ಬಾಯಲ್ಲಿ ಬರುವುದಿಲ್ಲ. ಮಂಡಿಯಲ್ಲಿ ಪಕ್ಕದವನ ಅಡಿಕೆಗೆ ಹೆಚ್ಚು ದರ ಬಿದ್ದರೆ, ಅವನ ಅಡಿಕೆ ನನ್ನದಕ್ಕಿಂತ ಚೆನ್ನಾಗಿದೆ ಎಂದು ನಾನು ಯಾವತ್ತಾದರೂ ಹೇಳಿದ್ದು ಕೇಳಿದ್ದೀಯಾ?

ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ನಡೆದ ಪಂದ್ಯದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದೆ. 17ನೇ ತಾರೀಖು ಉಜ್ಬೇಕಿಸ್ತಾನದ ಎದುರು ನಮ್ಮವರು ವಿರಾಮದ ಹೊತ್ತಿಗೆ 0–1ರಿಂದ ಹಿಂದೆ. ಆಮೇಲೆ ಬದಲಿಯಾಗಿ ಇಳಿದಿದ್ದ ಥಂಡಾಮೊನಿ ಬಾಸ್ಕೆ ಒಂದು, ಅನುಷ್ಕಾ ಕುಮಾರಿ ಒಂದು, ಒಟ್ಟು 2–1. ಹದಿನೇಳು ವರ್ಷದೊಳಗಿನ ಹೆಣ್ಣುಮಕ್ಕಳ ಏಷ್ಯಾ ಕಪ್‌ನಲ್ಲಿ 2005ರ ನಂತರ ಈಗ ಮತ್ತೆ ಜಾಗ ಸಿಕ್ಕಿದೆ. ಮುಂದಿನ ವರ್ಷ ಚೀನಾದಲ್ಲಿ. ಓದಿ ಸಂತೋಷವಾಯಿತು ಎಂದು ಬರೆದರೆ ಅರ್ಧ ಸುಳ್ಳು. ತಂಡ ಗೆದ್ದಿದ್ದಕ್ಕೆ ಎದೆಯುಬ್ಬಿತು, ಫೋಟೋದಲ್ಲಿ ನೀನಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಸುದ್ದಿಯನ್ನು ಕತ್ತರಿಸಿದೆ. ನಿನ್ನ ಕಡತಕ್ಕೆ ಹಾಕಲು ಕೈ ಬರಲಿಲ್ಲ, ಕೊಯ್ಲಿನ ಲೆಕ್ಕದ ಪುಸ್ತಕದೊಳಗೆ ಇಟ್ಟಿದ್ದೇನೆ.

"ವಿರಾಮದ ಹೊತ್ತಿಗೆ" ಎಂಬ ಮಾತು ಓದಿದ ಮೇಲೆ ಮೂರು ರಾತ್ರಿ ನಿದ್ದೆ ಬರಲಿಲ್ಲ. ಬರೆಯಬೇಕೆಂದು ಕುಳಿತದ್ದು ಅದಕ್ಕೇ.

2022ರ ಅಕ್ಟೋಬರ್ 11. ನೀನು ಎಂಟನೇ ತರಗತಿ. ಆ ವರ್ಷ ವಿಶ್ವಕಪ್ ನಮ್ಮ ದೇಶದಲ್ಲೇ. ಆಗಸ್ಟ್‌ನಲ್ಲಿ ಫಿಫಾ ನಮ್ಮ ದೇಶದ ಫುಟ್‌ಬಾಲ್ ಸಂಸ್ಥೆಯನ್ನು ಅಮಾನತು ಮಾಡಿದಾಗ ವಿಶ್ವಕಪ್ಪೇ ಕೈತಪ್ಪುತ್ತದೆಂದು ನೀನು ಎರಡು ಹೊತ್ತು ಊಟ ಬಿಟ್ಟಿದ್ದೆ. 26ರಂದು ಅಮಾನತು ತೆರವಾಯಿತು ಎಂದಾಗ ಅಜ್ಜಿಯ ಕೈಯಲ್ಲಿ ಕಾಯಿ ಒಡೆಸಿದೆ. ಅಂತೂ ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ರಾತ್ರಿ ಎಂಟಕ್ಕೆ ಅಮೆರಿಕದ ಎದುರು ಮೊದಲ ಪಂದ್ಯ. ನೀನು ಆರೂವರೆಗೇ ಊಟ ಮುಗಿಸಿ, ಕೈಗವಸು ಹಾಕಿಕೊಂಡು ಟೀವಿ ಮುಂದೆ ಕುಳಿತಿದ್ದೆ.

ಒಂಬತ್ತನೇ ನಿಮಿಷಕ್ಕೆ ಮೊದಲ ಗೋಲು. ವಿರಾಮಕ್ಕೆ ಐದು. ಐದನೆಯದಾದಾಗ ನಾನು ಎದ್ದು ಟೀವಿ ಆರಿಸಿದೆ. "ಸೋತ ಆಟವನ್ನು ನೋಡುವುದೇನು, ಬೆಳಿಗ್ಗೆ ಶಾಲೆ ಇದೆ, ಮಲಗು" ಎಂದೆ. ನೀನು ಮರುಮಾತಾಡಲಿಲ್ಲ. ಒಂದು ಮಾತಾದರೂ ಆಡಿದ್ದರೆ ನನಗೆ ಅನುಮಾನ ಬರುತ್ತಿತ್ತು.

ಆ ರಾತ್ರಿ ಮಳೆ ಹನಿಯುತ್ತಿತ್ತು. ಹಳ್ಳ ತುಂಬಿತ್ತು. ಆಚೆ ಮನೆಗೆ ಹೋಗಲು ಇರುವುದು ಕಾಲುಸಂಕವೊಂದೇ. ಎರಡು ಅಡಿಕೆ ಮರ ಉದ್ದಕ್ಕೆ, ಮೇಲೆ ಅಡ್ಡಡ್ಡ ಸೀಳಿದ ಅಡಿಕೆ ಮರದ ದಬ್ಬೆ, ಹಿಡಿದುಕೊಳ್ಳಲು ಒಂದೇ ಕಡೆ ಬಿದಿರು. ನಮ್ಮ ಕಡೆಯಿಂದ ಎಣಿಸಿದರೆ ಮೂರನೆಯ ದಬ್ಬೆ ಸಡಿಲವಾಗಿತ್ತು. ಆ ದಬ್ಬೆಯ ವಿಚಾರ ನಿನಗೆ ಯಾವತ್ತೂ ಹೇಳಿಲ್ಲ. ಅದರ ಹಗ್ಗ ಕೊಳೆತು ಹೋಗಿದ್ದನ್ನು ನಾನು ನಾಲ್ಕೈದು ದಿನ ಮೊದಲೇ ನೋಡಿದ್ದೆ. ಹೊಸ ದಬ್ಬೆ ಸೀಳಿ ಕೊಟ್ಟಿಗೆಯ ಗೋಡೆಗೆ ಒರಗಿಸಿಯೂ ಇಟ್ಟಿದ್ದೆ. ನಾಳೆ, ನಾಡಿದ್ದು ಎಂದು ಮುಂದೂಡಿದೆ. ದಿನಾ ದಾಟುವವರು ನಾವೇ, ಎಲ್ಲಿ ಕಾಲಿಡಬೇಕೆಂದು ಗೊತ್ತಿದೆಯಲ್ಲ ಎಂಬ ಧೈರ್ಯ. ಹಗಲಲ್ಲಿ ಅದು ಸರಿ. ರಾತ್ರಿ, ಮಳೆಯಲ್ಲಿ, ಒಂದು ಕೈಯಲ್ಲಿ ಟಾರ್ಚ್ ಹಿಡಿದು, ಎರಡನೇ ಅರ್ಧ ಶುರುವಾಗಿಬಿಡುತ್ತದೆ ಎಂದು ಓಡುವ ಹದಿಮೂರರ ಹುಡುಗಿಗೆ?

ಹತ್ತರ ಹೊತ್ತಿಗೆ ನೀರು ಕುಡಿಯಲು ಎದ್ದ ಅಮ್ಮ, ಬಚ್ಚಲುಮನೆಯ ಬಾಗಿಲು ತೆರೆದಿದೆ ಎಂದಳು. ನಿನ್ನ ಹಾಸಿಗೆ ಖಾಲಿ. ಚಪ್ಪಲಿ ಹಾಕದೆ ಓಡಿದ ನನಗೆ ತೋಟದಲ್ಲಿ ಒಂದೇ ಲೆಕ್ಕ ತಲೆಯಲ್ಲಿತ್ತು: ಒಂದು, ಎರಡು, ಮೂರನೆಯದು. ಹಳ್ಳದ ದಂಡೆಗೆ ಬಂದಾಗ ಆಚೆಯಿಂದ ಟಾರ್ಚಿನ ಬೆಳಕು ಸಂಕದ ಮೇಲೆ ನಿಧಾನವಾಗಿ ಬರುತ್ತಿತ್ತು. ಕೂಗಿದರೆ ಬೆಚ್ಚಿ ಕಾಲು ತಪ್ಪುತ್ತೀಯೆಂದು ಉಸಿರು ಹಿಡಿದು ನಿಂತೆ. ಮೂರನೆಯ ದಬ್ಬೆಯನ್ನು ನೀನು ನೋಡಿ, ದಾಟಿ, ಈಚೆ ಬಂದೆ. ನಿನಗೂ ಗೊತ್ತಿತ್ತು ಅದು! ಕಾಲು ನೆಲಕ್ಕೆ ತಾಗಿದ ಕೂಡಲೇ ಕೆನ್ನೆಗೆ ಹೊಡೆದೆ.

ನೀನು ಅಳಲಿಲ್ಲ. ಕೈಗವಸು ಇನ್ನೂ ಕೈಯಲ್ಲೇ ಇತ್ತು. ಕೆನ್ನೆ ಹಿಡಿದುಕೊಂಡು, "ಎರಡನೇ ಅರ್ಧದಲ್ಲಿ ಮೂರೇ ಅಪ್ಪ" ಎಂದೆ.

ಎಂಟು ಗೋಲು ತಿಂದ ರಾತ್ರಿ ಅದೆಂಥ ಲೆಕ್ಕವೋ ನನಗೆ ಅರ್ಥವಾಗಲಿಲ್ಲ. ಆಮೇಲೆ ಮೊರಾಕ್ಕೊ ಮೂರು, ಬ್ರೆಜಿಲ್ ಐದು ಹೊಡೆದವು, ನಮ್ಮದು ಒಂದೂ ಇಲ್ಲ. ಆ ಎರಡೂ ಪಂದ್ಯಗಳನ್ನು ನಾನು ಕೊನೆಯವರೆಗೆ ನೋಡಿದೆ, ನಿನ್ನ ಪಕ್ಕ ಕುಳಿತೇ ನೋಡಿದೆ. ಅದನ್ನೇ ಕ್ಷಮೆ ಎಂದು ನೀನು ತಿಳಿದುಕೊಂಡಿರಬಹುದೆಂದು ಮೂರು ವರ್ಷ ಸುಮ್ಮನಿದ್ದೆ. ಹೊಡೆದದ್ದು ತಪ್ಪು. ಕೈ ಎತ್ತಿದ್ದು ನಿನ್ನ ಮೇಲಿನ ಸಿಟ್ಟಿಗಲ್ಲ, ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟ ದಬ್ಬೆಯ ಸಿಟ್ಟಿಗೆ. ಮರುದಿನ ಬೆಳಕು ಹರಿಯುವ ಮೊದಲೇ ಹೋಗಿ ಅದನ್ನು ಬದಲಾಯಿಸಿದೆ. ನೀನು ಶಾಲೆಗೆ ಹೋಗುವಾಗ ಗಮನಿಸಿದೆಯೋ ಇಲ್ಲವೋ.

ಆ ದಿನಗಳಲ್ಲೇ ತಂಡದ ನಾಯಕಿ ಅಷ್ಟಮ್ ಉರಾಂವ್ ಬಗ್ಗೆ ಪತ್ರಿಕೆಯಲ್ಲಿ ಬಂದಿತ್ತು, ನೆನಪಿದೆಯೇ? ಜಾರ್ಖಂಡಿನ ಗುಮ್ಲಾ ಜಿಲ್ಲೆಯ ಹಳ್ಳಿಯ ಹುಡುಗಿ. ಅವಳ ಹೆಸರಿನಲ್ಲಿ ಊರಿಗೆ ರಸ್ತೆ ಹಾಕುತ್ತಿದ್ದರು, ಅದೇ ರಸ್ತೆಯಲ್ಲಿ ಅವಳ ಅಪ್ಪ ಅಮ್ಮ ಕೂಲಿಗೆ ದುಡಿಯುತ್ತಿದ್ದರು. ಮಗಳ ಆಟ ನೋಡಲೆಂದು ಅಧಿಕಾರಿಗಳು ಮನೆಗೆ ಟೀವಿ ಹಾಕಿಸಿಕೊಟ್ಟರಂತೆ. ನಾನು ಆಗಾಗ ಆ ಮನೆಯನ್ನು ನೆನೆಯುತ್ತೇನೆ. ವಿರಾಮಕ್ಕೆ ಐದಾದಾಗ ಆ ಅಪ್ಪ ಎದ್ದು ಟೀವಿ ಆರಿಸಿರುತ್ತಾನೆಯೇ? ಇರಲಾರದು. ಅವನ ಮಗಳು ಅದರೊಳಗಿದ್ದಳು. ಇಲ್ಲಿ ನನ್ನ ಮಗಳು ಟೀವಿಯ ಈಚೆ ಇದ್ದಳು, ಆದ್ದರಿಂದ ಗುಂಡಿ ಒತ್ತುವುದು ನನಗೆ ಸುಲಭವಾಯಿತು. ಈ ತಿಂಗಳು ಫೋನಿನಲ್ಲಿ ನಾನು ಮಾಡಿದ್ದೂ ಅದನ್ನೇ.

ಆದರೆ ಭಯ ಸುಳ್ಳಲ್ಲ ಪುಟ್ಟಿ. ನಿನ್ನ ಆಟದಲ್ಲಿ ವಯಸ್ಸೇ ಗೆರೆ. 2020ರಲ್ಲೇ ನಮ್ಮಲ್ಲಿ ನಡೆಯಬೇಕಿದ್ದ ವಿಶ್ವಕಪ್ ಕೋವಿಡ್‌ನಿಂದ ಮುಂದಕ್ಕೆ ಹೋಯಿತು, ಕೊನೆಗೆ ರದ್ದಾಯಿತು. 2022ರಲ್ಲಿ ಮತ್ತೆ ಸಿಕ್ಕಿತು, ಆದರೆ 2005ಕ್ಕಿಂತ ಮೊದಲು ಹುಟ್ಟಿದವರಿಗೆ ಪ್ರವೇಶವಿಲ್ಲ. ಅಂದರೆ 2003, 2004ರಲ್ಲಿ ಹುಟ್ಟಿ, ಮನೆ ಬಿಟ್ಟು, ಶಿಬಿರದಲ್ಲಿ ಬೆವರು ಸುರಿಸಿದ್ದ ಮಕ್ಕಳು ಏನೂ ತಪ್ಪು ಮಾಡದೆ, ಒಂದೂ ಪಂದ್ಯ ಸೋಲದೆ ಹೊರಗೆ ಉಳಿದರು. ಕ್ಯಾಲೆಂಡರ್ ಅವರನ್ನು ಸೋಲಿಸಿತು. ನೀನು 2009ರ ಆರಿದ್ರಾ ಮಳೆಯಲ್ಲಿ ಹುಟ್ಟಿದವಳು. ಚೀನಾದ ಟೂರ್ನಿಗೂ 2009ರ ಜನವರಿ 1ರ ಗೆರೆಯೇ. ಅದಾದ ಮೇಲೆ ಈ ವಯೋಮಿತಿಯ ಬಾಗಿಲು ನಿನಗೆ ಮುಚ್ಚುತ್ತದೆ. ಇಪ್ಪತ್ತರೊಳಗಿನ ತಂಡ ಇದೆ, ಆಗಸ್ಟ್‌ನಲ್ಲಿ ಯಾಂಗೂನ್‌ನಲ್ಲಿ ಮ್ಯಾನ್ಮಾರನ್ನು 1–0ರಿಂದ ಸೋಲಿಸಿ ಅವರೂ ಏಷ್ಯಾ ಕಪ್‌ಗೆ ಹೋಗುತ್ತಿದ್ದಾರೆ. ಅಲ್ಲಿ ನಿನಗಿಂತ ಮೂರು ವರ್ಷ ದೊಡ್ಡವರು, ಅಷ್ಟೇ ಎತ್ತರದವರು. ಆದ್ದರಿಂದ ಪಿಯುಸಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡ. ಅಕೌಂಟೆನ್ಸಿ ಅರ್ಥವಾಗದಿದ್ದರೆ ಕೂಡಲೇ ಕೇಳು, ಪರೀಕ್ಷೆಯ ಹಿಂದಿನ ವಾರ ಅಲ್ಲ. ಮೊಣಕಾಲಿಗೆ ಪಟ್ಟಿ ಕಟ್ಟದೆ ಹಾರಬೇಡ. ರಾತ್ರಿ ಹನ್ನೊಂದರ ಮೇಲೆ ಮೊಬೈಲ್ ನೋಡಬೇಡ. ಹಾಸ್ಟೆಲಿನ ಊಟ ಸಪ್ಪೆಯೆಂದು ಅನ್ನ ಬಿಡಬೇಡ. ಕೈಯಲ್ಲಿ ಒಂದು ಪದವಿ ಇದ್ದರೆ—

ಇಷ್ಟು ಬರೆಯುವಾಗ ಅಮ್ಮ ಹಿಂದಿನಿಂದ ಬಗ್ಗಿ ಓದಿ, "ಇದು ಮಗಳಿಗೆ ಪತ್ರವೋ, ಪ್ರಾಂಶುಪಾಲರ ಸುತ್ತೋಲೆಯೋ?" ಎಂದಳು. ಗೀಟು ಎಳೆದು ಅಳಿಸೋಣವೆಂದುಕೊಂಡೆ, ಆದರೆ ಬರೆದದ್ದೆಲ್ಲ ನಿಜವೇ ಆದ್ದರಿಂದ ಬಿಟ್ಟಿದ್ದೇನೆ. ಮೊಣಕಾಲಿನ ಪಟ್ಟಿಯದಂತೂ ಓದಲೇಬೇಕು.

ನೀನು ಕಳೆದ ವರ್ಷ ಹೇಳಿದ್ದ ಢಾಕಾದ ಫೈನಲ್ ನಿನ್ನೆ ಅಮ್ಮನಿಗೆ ಹೇಳಿದೆ. 2024ರ ಫೆಬ್ರವರಿ, ಹತ್ತೊಂಬತ್ತರೊಳಗಿನವರ ದಕ್ಷಿಣ ಏಷ್ಯಾದ ಸ್ಯಾಫ್ ಟೂರ್ನಿ, ಬಾಂಗ್ಲಾದೇಶದ ಜೊತೆ 1–1, ಆಮೇಲೆ ಪೆನಾಲ್ಟಿಯಲ್ಲಿ 11–11. ಗೋಲ್‌ಕೀಪರುಗಳೂ ಒದ್ದು ಗೋಲು ಹೊಡೆದಿದ್ದರು. ಮತ್ತೆ ನಾಣ್ಯ ಚಿಮ್ಮಿದರು, ನಾವು ಗೆದ್ದೆವು ಎಂದರು, ಗಲಾಟೆಯಾಯಿತು, ಕೊನೆಗೆ ಇಬ್ಬರಿಗೂ ಪ್ರಶಸ್ತಿ. ಅಮ್ಮ ಎಲ್ಲ ಕೇಳಿ, "ಅಷ್ಟು ಹೊತ್ತು ಆ ಮಕ್ಕಳಿಗೆ ನೀರು ಕೊಟ್ಟರೋ ಇಲ್ಲವೋ" ಎಂದಳು. ಅವಳ ಫುಟ್‌ಬಾಲ್ ಅಷ್ಟು.

ನನ್ನದೂ ಹೆಚ್ಚೇನಿಲ್ಲ. ನಿನ್ನ ಕೈ ಯಾವ ಆಟದ ಕೈ ಎಂದು ಗೊತ್ತಾದದ್ದು ಮಾತ್ರ ನನಗೇ ಮೊದಲು. ನೀನು ಹತ್ತು ವರ್ಷದವಳಿದ್ದಾಗ ಅಂಗಳದ ಚಕ್ಕೋತದ ಕಾಯಿಯನ್ನು ಅಣ್ಣ ಒದೆಯುತ್ತಿದ್ದ, ನೀನು ಎರಡು ದಬ್ಬೆಗಳ ನಡುವೆ ನಿಂತು ಹಿಡಿಯುತ್ತಿದ್ದೆ. ಆ ವರ್ಷದ ಕೊಯ್ಲಿನಲ್ಲಿ ಮರ ಹತ್ತಿದ್ದ ಕೊನೆಗಾರನ ಹಗ್ಗ ತಪ್ಪಿ ಒಂದು ಅಡಿಕೆ ಕೊನೆ ಸೀದಾ ಕೆಳಗೆ ಬಂತು. ನಾನು ಹಿಂದೆ ಸರಿದೆ. ನೀನು ಒಂದು ಹೆಜ್ಜೆ ಮುಂದೆ ಹೋಗಿ, ಮೊಣಕಾಲು ಮಡಿಸಿ, ಎದೆಗವಚಿ ಹಿಡಿದೆ. ಒಂದು ಅಡಿಕೆಯೂ ಉದುರಲಿಲ್ಲ. ಮರದ ಮೇಲಿದ್ದವನು ಅಲ್ಲಿಂದಲೇ ಶಿಳ್ಳೆ ಹೊಡೆದ. ನಾನು ಬೈದೆ. ಬೈದರೂ ಆ ರಾತ್ರಿ ಅದನ್ನು ಊರೆಲ್ಲ ಹೇಳಿಕೊಂಡು ಬಂದೆ, ಅದು ನಿನಗೆ ಗೊತ್ತಿಲ್ಲ.

ಬಂದುಬಿಡು ಎಂದು ಇನ್ನು ಹೇಳುವುದಿಲ್ಲ. ಇರು ಎಂದು ಹೇಳಲೂ ಬಾಯಿ ಬರುತ್ತಿಲ್ಲ. ಚೀನಾಕ್ಕೆ ಹೋಗುವ ಪಟ್ಟಿಯನ್ನು ಇನ್ನೂ ಯಾರೂ ಬರೆದಿಲ್ಲ ಎಂಬುದನ್ನು ಮಾತ್ರ ನಾನೂ ಯೋಚಿಸಿದ್ದೇನೆ.

ಈ ಕಾಗದವನ್ನು ರಾತ್ರಿ ಬಸ್ಸಿಗೆ ಹೊರಟಿರುವ ಆಚೆ ಮನೆಯ ಹುಡುಗನ ಕೈಯಲ್ಲಿ ಕಳಿಸುತ್ತಿದ್ದೇನೆ. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಇದೆ, ಮುಚ್ಚಳ ಬಿಗಿಯಾಗಿದೆ, ಆದರೂ ನೇರವಾಗಿಯೇ ಇಡು. ನಿನ್ನ ಹಳೆಯ ಕೈಗವಸು ಮಳೆಗಾಲದಲ್ಲಿ ಬೂಸಲು ಹಿಡಿದಿತ್ತು, ತೊಳೆದು ಬಚ್ಚಲೊಲೆಯ ಮೇಲೆ ಒಣಗಿಸಿದ್ದೇನೆ. ಹೊಗೆಯ ವಾಸನೆ ಬರುತ್ತದೆ, ಬೈಯಬೇಡ. ಹೆಬ್ಬೆರಳಿನ ಹರಿದ ಹೊಲಿಗೆಯನ್ನು ಅಮ್ಮ ಹಾಕಿದ್ದಾಳೆ.

ನಾಳೆ ಭಾನುವಾರ ರಾತ್ರಿ ಎಂಟಕ್ಕೆ ನಾನು ಗುಡ್ಡದ ಮೇಲೆ, ಸಿಗ್ನಲ್ ಸಿಗುವ ಗೇರುಮರದ ಹತ್ತಿರ ಇರುತ್ತೇನೆ. ನೀನು ಮಾಡಲೇಬೇಕು ಎಂದೇನಿಲ್ಲ. ಫೋನ್ ಬರದಿದ್ದರೂ ಹತ್ತರವರೆಗೆ ಅಲ್ಲೇ ಇರುತ್ತೇನೆ.

ನಿನ್ನ
ಅಪ್ಪ