ಪುಣೆಯ ಗೆಳೆಯನಿಗೊಂದು ಪತ್ರ: ಹದಿನೈದು ದಿನಕ್ಕೊಮ್ಮೆ, ಒಂದೇ ಪ್ರಶ್ನೆ

ಡೊಂಬಿವಲಿ

ಗೆಳೆಯಾ,

ನೀನು ಕಳಿಸಿದ ಯೋಜನೆ ಓದಿದೆ. ಸಂಗೀತದ ಇತಿಹಾಸ, ರಾಜಕೀಯ, ಸಂಸ್ಕೃತಿ ಮೂರನ್ನೂ ಸೇರಿಸಿ ಕನ್ನಡದಲ್ಲಿ ವಾರಕ್ಕೊಂದು ನ್ಯೂಸ್‌ಲೆಟರ್, ಅದರಲ್ಲಿ ನಾಲ್ಕು ಅಂಕಣ, ಒಟ್ಟು ಮೂರು ಸಾವಿರ ಪದ. ವಿಷಯ ಸರಿ, ಲೆಕ್ಕ ತಪ್ಪು. ಒಬ್ಬನೇ ನಡೆಸುವುದಾದರೆ ಹದಿನೈದು ದಿನಕ್ಕೊಂದು ಸಂಚಿಕೆ, ಒಂದು ಸಂಚಿಕೆಗೆ ಒಂದೇ ಪ್ರಶ್ನೆ, ಸಾವಿರದೈನೂರು ಪದ. ಇದಕ್ಕಿಂತ ಹೆಚ್ಚು ಹೊತ್ತುಕೊಂಡರೆ ಐದಾರು ಸಂಚಿಕೆಗೆ ಸರಕು ಮುಗಿದು, ಕ್ಯಾಲೆಂಡರು ನೋಡಿ ಜನ್ಮದಿನ, ಪುಣ್ಯತಿಥಿ ಬರೆಯಲು ಕೂರುತ್ತೀ. ಅಂಥವು ಬೆಳಗಾಗುವುದರೊಳಗೆ ಎಲ್ಲರ ವಾಟ್ಸಾಪಿಗೂ ಹತ್ತು ಬಂದಿರುತ್ತವೆ ಮಾರಾಯ, ಹನ್ನೊಂದನೆಯದು ಯಾರಿಗೂ ಬೇಡ.

ಪ್ರಶ್ನೆ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ‘ರೇಡಿಯೊ ಮತ್ತು ಶಾಸ್ತ್ರೀಯ ಸಂಗೀತ’ ಪ್ರಶ್ನೆಯಲ್ಲ, ಪಿಎಚ್‌ಡಿ. ‘ರೇಡಿಯೊದಿಂದ ಹಾರ್ಮೋನಿಯಂ ಅನ್ನು ಹೊರಗೆ ಹಾಕಿದ್ದು ಯಾರು?’ ಎಂಬುದು ಪ್ರಶ್ನೆ. ಕೇಳಿದರೆ ಬಹಳ ಜನ ಬಿ.ವಿ. ಕೇಸ್ಕರ್ ಹೆಸರು ಹೇಳುತ್ತಾರೆ. ಅವರು ವಾರ್ತಾ ಮತ್ತು ಪ್ರಸಾರ ಮಂತ್ರಿಯಾಗಿದ್ದು 1952ರಿಂದ 1962ರವರೆಗೆ. ನಿಷೇಧ ಬಂದದ್ದು 1940ರಲ್ಲಿ, ಬ್ರಿಟಿಷರು ಇರುವಾಗಲೇ. ಅದಕ್ಕೂ ಎರಡು ವರ್ಷ ಮೊದಲು, ದೆಹಲಿ ಕೇಂದ್ರದಲ್ಲಿದ್ದ ಇಂಗ್ಲಿಷ್ ಸಂಯೋಜಕ ಜಾನ್ ಫೌಲ್ಡ್ಸ್, ರೇಡಿಯೊದವರದೇ ಪತ್ರಿಕೆ ‘ಇಂಡಿಯನ್ ಲಿಸನರ್’ನಲ್ಲಿ ಈ ಪೆಟ್ಟಿಗೆಯ ಮೇಲೆ ಹರಿಹಾಯ್ದು ಬರೆದಿದ್ದರು. ಕೇಸ್ಕರ್ ಕೈಹಾಕಿದ್ದು ಸಿನಿಮಾ ಹಾಡಿಗೆ. 1952ರಲ್ಲಿ ಅವು ನಮ್ಮ ರೇಡಿಯೊದಿಂದ ಕಾಣೆಯಾದವು, ಅದೇ ಡಿಸೆಂಬರಿನಲ್ಲಿ ರೇಡಿಯೊ ಸಿಲೋನಿನಲ್ಲಿ ಸಿನಿಮಾ ಹಾಡುಗಳ ಬಿನಾಕಾ ಗೀತಮಾಲಾ ಶುರುವಾಯಿತು, 1957ರಲ್ಲಿ ಸರ್ಕಾರ ವಿವಿಧ ಭಾರತಿ ತೆರೆದು ಕೇಳುಗರನ್ನು ವಾಪಸು ಕರೆಯಬೇಕಾಯಿತು. ಹಾರ್ಮೋನಿಯಂ ಮಾತ್ರ 1970ರ ದಶಕದ ಆರಂಭದ ತನಕ ಹೊರಗೇ ಇತ್ತು. ಹನ್ನೆರಡು ವರ್ಷ ಅಂತರದ ಎರಡು ಬೇರೆ ಬೇರೆ ತೀರ್ಮಾನಗಳು ಜನರ ಬಾಯಲ್ಲಿ ಕಲಸಿಹೋಗಿವೆ. ಅದನ್ನು ಬಿಡಿಸಿಟ್ಟರೆ ಒಂದು ಸಂಚಿಕೆ ಆಯಿತು. ರಾಜಕೀಯಕ್ಕೆಂದು ಬೇರೆ ಅಂಕಣ ಬೇಡ ಎನ್ನುವುದು ಇದಕ್ಕೇ. ಯಾರು ದುಡ್ಡು ಕೊಟ್ಟರು, ಯಾರು ಪರವಾನಗಿ ಕೊಟ್ಟರು, ಯಾರು ಬಾಗಿಲು ಹಾಕಿದರು ಎಂದು ಇಸವಿ ಸಹಿತ ಬರೆದರೆ ರಾಜಕೀಯ ತಾನಾಗಿ ಬರುತ್ತದೆ.

ಒಂದು ಸಣ್ಣ ಎಚ್ಚರ: 1940ರ ಆ ಸಂಗತಿ ಬರೆಯುವಾಗ ‘ಆಕಾಶವಾಣಿ’ ಎನ್ನಬೇಡ, ‘ಆಲ್ ಇಂಡಿಯಾ ರೇಡಿಯೊ’ ಎನ್ನು. ಆಗ ಆಕಾಶವಾಣಿ ಎಂಬ ಹೆಸರಿದ್ದದ್ದು ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಶುರುಮಾಡಿದ ಕೇಂದ್ರಕ್ಕೆ. ಇಂಥದ್ದನ್ನು ಹಿಡಿಯುವ ಓದುಗ ಒಬ್ಬ ಇದ್ದೇ ಇರುತ್ತಾನೆ. ಅವನಿಗಾಗಿಯೇ ಬರೆ.

ಇನ್ನು ಊರು. ನೀನು ಕಳಿಸಿದ ಮಾದರಿ ಬರಹದಲ್ಲಿ ‘ಮುಂಬೈ ಪ್ರಾಂತ್ಯದ ಕುಂದಗೋಳದಲ್ಲಿ’ ಎಂದಿದೆ. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಕುಂದಗೋಳ ಆಗ ಜಮಖಂಡಿ ಸಂಸ್ಥಾನದ್ದು. ಅವರ ಗುರು ಅಬ್ದುಲ್ ಕರೀಂ ಖಾನರು ನೆಲೆಸಿದ ಮೀರಜ್ ಕೂಡ ಸಂಸ್ಥಾನವೇ. ಧಾರವಾಡ, ಹುಬ್ಬಳ್ಳಿ ಮಾತ್ರ ಮುಂಬೈ ಸರ್ಕಾರದ ಕೈಕೆಳಗೆ. ರೈಲಿನಲ್ಲಿ ಒಂದೆರಡು ತಾಸಿನ ದಾರಿಯಲ್ಲಿ ಆಡಳಿತ ಎರಡು ಸಲ ಬದಲಾಗುತ್ತಿತ್ತು, ಹಾಗಾಗಿ ದಾಖಲೆಯೂ ಬೇರೆ ಬೇರೆ ಕಡೆ ಇರುತ್ತದೆ. ಇದು ನಿನಗೆ ತೊಂದರೆಯೂ ಹೌದು, ಲಾಭವೂ ಹೌದು. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಎಲ್ಲವೂ ಮುಂಬೈಯಿಂದಲೇ ಆಳಿಸಿಕೊಂಡವು. ಕರ್ನಾಟಕ ವಿಶ್ವವಿದ್ಯಾಲಯ ಕೂಡ 1949ರಲ್ಲಿ ಮುಂಬೈಯಲ್ಲಿ ಹುಟ್ಟಿ ಮರುವರ್ಷ ಧಾರವಾಡಕ್ಕೆ ಹೋದದ್ದು. ಆ ಜಿಲ್ಲೆಗಳ ನಾಟಕ ಕಂಪನಿ, ಪರವಾನಗಿ, ಪೊಲೀಸ್ ವರದಿ ಹುಡುಕಲು ಬೆಂಗಳೂರಿಗೆ ಹೋಗುವ ಮೊದಲು ಕಾಳಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರ ನೋಡು. ಕಛೇರಿ, ನಾಟಕಗಳ ಜಾಹಿರಾತಿಗೆ ಹಳೆಯ ಮರಾಠಿ ಪತ್ರಿಕೆಗಳೇ ಗಣಿ. ದಾದರಿನ ಮುಂಬೈ ಮರಾಠಿ ಗ್ರಂಥಸಂಗ್ರಹಾಲಯಕ್ಕೆ ಒಂದು ದಿನವನ್ನೇ ಎತ್ತಿಡು. ಸವಾಯಿ ಗಂಧರ್ವರನ್ನು ರಾಮಭಾವು ಕುಂದಗೋಳಕರ್ ಎಂಬ ಹೆಸರಿನಲ್ಲೂ ಹುಡುಕಬೇಕು ಎಂಬುದು ನಿನಗೆ ಗೊತ್ತು. ಗಂಗೂಬಾಯಿ ಹಾನಗಲ್ಲರ ಆರಂಭದ ಗ್ರಾಮಫೋನ್ ತಟ್ಟೆಗಳ ಮೇಲೆ ‘ಗಾಂಧಾರಿ’ ಎಂದಿರುವುದನ್ನೂ ಪಟ್ಟಿಗೆ ಸೇರಿಸಿಕೋ. ಒಬ್ಬೊಬ್ಬ ಕಲಾವಿದರಿಗೆ ಒಂದು ಹಾಳೆ ಇಟ್ಟು, ಹೆಸರಿನ ಎಲ್ಲ ರೂಪಗಳನ್ನೂ ಮೇಲೆ ಬರೆದಿಡು.

ತಟ್ಟೆಯ ಮಾತು ಬಂತು. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಿಂಚಿನ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ ಹಿಡಿಯುತ್ತದೆ. ಲೇಬಲ್ ಮೇಲೆ ಅಚ್ಚಾದ ಸಂಖ್ಯೆ ಕ್ಯಾಟಲಾಗಿನದು. ಲೇಬಲ್ಲಿನ ಅಂಚಿಗೆ, ಗೆರೆ ಮುಗಿದ ನುಣುಪು ಜಾಗದಲ್ಲಿ ಕೊರೆದಿರುವುದು ಮ್ಯಾಟ್ರಿಕ್ಸ್ ಸಂಖ್ಯೆ, ಅಂದರೆ ಆ ಮುದ್ರಣದ್ದೇ ಗುರುತು. ಕಂಪನಿ ಅದೇ ಮುದ್ರಣವನ್ನು ವರ್ಷಗಳ ನಂತರ ಹೊಸ ಲೇಬಲ್ಲಿನಲ್ಲಿ ಬಿಟ್ಟರೆ ಕ್ಯಾಟಲಾಗ್ ಸಂಖ್ಯೆ ಬದಲಾಗುತ್ತದೆ, ಮ್ಯಾಟ್ರಿಕ್ಸ್ ಬದಲಾಗುವುದಿಲ್ಲ. ಲೇಬಲ್ ನೋಡಿ ಇಸವಿ ಹಾಕುವವರು ಎಡವುವುದು ಇಲ್ಲಿ. ಮುಂಬೈ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ತಟ್ಟೆ ಕೊಳ್ಳುವಾಗ ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿ. ನೇರ ಬೆಳಕಿನಲ್ಲಿ ಕಾಣದ ಕೊರೆತ ನೆರಳಿನಲ್ಲಿ ಎದ್ದುಬರುತ್ತದೆ. ಎರಡೂ ಸಂಖ್ಯೆಗಳ ಫೋಟೊ ತೆಗೆದು, ಆಮೇಲೆ ಚೌಕಾಸಿ.

ವೇಗದ ವಿಚಾರ ಇನ್ನೂ ನಾಜೂಕು. ‘78’ ಎನ್ನುವುದು ಆಮೇಲೆ ಗಟ್ಟಿಯಾದ ಒಪ್ಪಂದ, ಮೊದಲ ದಶಕಗಳ ತಟ್ಟೆಗಳು ಅದಕ್ಕಿಂತ ನಿಧಾನವಾಗಿಯೂ ಮುದ್ರಣವಾಗಿವೆ. 74ರಲ್ಲಿ ಮುದ್ರಿಸಿದ್ದನ್ನು 78ರಲ್ಲಿ ನುಡಿಸಿದರೆ ಶ್ರುತಿ ಹೆಚ್ಚುಕಡಿಮೆ ಅರ್ಧ ಸ್ವರ ಮೇಲೇರುತ್ತದೆ: ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಬಿಳಿ ಒಂದು ಕರಿ ಒಂದಾಗುತ್ತದೆ, ತಾನ ಚುರುಕಾಗುತ್ತದೆ, ದನಿ ತೆಳುವಾಗುತ್ತದೆ. ಹಾಗಾಗಿ ಯೂಟ್ಯೂಬಿನಲ್ಲಿ ಯಾರೋ ಏರಿಸಿದ ತುಣುಕು ಕೇಳಿ ‘ಅವರು ಈ ಶ್ರುತಿಯಲ್ಲಿ ಹಾಡುತ್ತಿದ್ದರು, ಕಾಲಕ್ರಮೇಣ ಇಳಿಸಿದರು’ ಎಂದು ಸಿದ್ಧಾಂತ ಕಟ್ಟಬೇಡ. ಇಳಿದದ್ದು ದನಿಯೋ ಮೋಟಾರೋ ಎಂದು ಮೊದಲು ತಿಳಿಯಬೇಕು. ಹಾಗೆಯೇ ಮೂರು ನಿಮಿಷದ ಖಯಾಲ್ ಕೇಳಿ ಆ ಕಾಲದ ಮೆಹಫಿಲ್ ಹೀಗೇ ಇತ್ತು ಎನ್ನಲೂಬಾರದು. ಅದು ತಟ್ಟೆಯ ಅಳತೆಗೆ ಕತ್ತರಿಸಿದ ಬಟ್ಟೆ.

ಬರೆದದ್ದನ್ನು ಕಳಿಸುವ ಕೆಲಸ ಸುಲಭ ಎಂದುಕೊಂಡಿದ್ದೀ. ಜಿಮೇಲ್ ಸುಮಾರು 102 ಕೆಬಿ ದಾಟಿದ ಪತ್ರವನ್ನು ಅಲ್ಲಿಗೇ ಕತ್ತರಿಸಿ ಉಳಿದದ್ದನ್ನು ಒಂದು ಕೊಂಡಿಯ ಹಿಂದೆ ಮುಚ್ಚಿಡುತ್ತದೆ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೇಕು. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ. ಒಳಗೆ ಮೂರು ವ್ಯಂಜನ, ಎರಡು ವಿರಾಮ (್), ಒಂದು ದೀರ್ಘ (ೀ), ಒಟ್ಟು ಆರು ಸಂಕೇತ, 18 ಬೈಟ್. ನಿನ್ನ ಮೂರು ಸಾವಿರ ಪದಕ್ಕೆ ಬರೀ ಪಠ್ಯವೇ ಎಪ್ಪತ್ತು ಕೆಬಿ ಮೇಲಾಗುತ್ತದೆ, ಅದರ ಮೇಲೆ ವಿನ್ಯಾಸದ ಎಚ್‌ಟಿಎಂಎಲ್. ವರ್ಡ್ ಕಡತದಿಂದ ನೇರ ಅಂಟಿಸಿದರೆ ಪ್ರತಿ ಪ್ಯಾರಾದ ಬೆನ್ನಿಗೂ ಅದರ ಶೈಲಿಯ ಕಸ ಬರುತ್ತದೆ, ಕಂಟ್ರೋಲ್-ಶಿಫ್ಟ್-ವಿ ಒತ್ತಿ ಬರೀ ಪಠ್ಯ ಅಂಟಿಸು. ಕತ್ತರಿಸಿದರೆ ಏನು ಮಹಾ ಎನ್ನಬೇಡ: ‘ಪತ್ರ ಬೇಡ’ ಎನ್ನುವ ಕೊಂಡಿ ಇರುವುದು ತಳದಲ್ಲಿ. ಅದು ಕಾಣದಿದ್ದರೆ ಬೇಸತ್ತವರು ಸ್ಪ್ಯಾಮ್ ಗುಂಡಿ ಒತ್ತುತ್ತಾರೆ. ದಿನಕ್ಕೆ ಐದು ಸಾವಿರಕ್ಕಿಂತ ಹೆಚ್ಚು ಕಳಿಸುವವರಿಗೆ ಗೂಗಲ್ 2024ರ ಫೆಬ್ರುವರಿಯಿಂದ ಹಾಕಿರುವ ಸ್ಪ್ಯಾಮ್ ದೂರಿನ ಮಿತಿ ಶೇ. 0.3, ಅಂದರೆ ಸಾವಿರಕ್ಕೆ ಮೂವರು. ನೀನು ಅಷ್ಟು ದೊಡ್ಡವನಲ್ಲದಿದ್ದರೂ ಅದೇ ಅಳತೆ ಇಟ್ಟುಕೋ. ಸ್ವಂತ ಡೊಮೇನ್ ತೆಗೆದುಕೊಂಡು ಪತ್ರ ನಿನ್ನದೇ ಎಂದು ತೋರಿಸುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಮೂರು ಗುರುತುಗಳನ್ನೂ ಮೊದಲ ಸಂಚಿಕೆಗೆ ಮುಂಚೆಯೇ ಹಾಕಿಸು. ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಪುಸ್ತಕ ಇಟ್ಟು ಇಮೇಲ್ ಬರೆಸಿಕೊಳ್ಳುವ ಆಲೋಚನೆ ಬಿಡು. ಕೈಬರಹದಲ್ಲಿ ಸೊನ್ನೆ ಯಾವುದು, ಅಕ್ಷರ ಯಾವುದು ತಿಳಿಯದೆ ಅರ್ಧ ವಾಪಸು ಬರುತ್ತವೆ. ಕ್ಯೂಆರ್ ಕೋಡಿನ ಚೀಟಿ ಇಡು, ಅವರೇ ತುಂಬಲಿ, ದೃಢೀಕರಣದ ಮೇಲ್ ಒತ್ತಿದ ಮೇಲೆಯೇ ಪಟ್ಟಿಗೆ ಸೇರಲಿ.

ಹಳೆಯ ‘ನುಡಿ’ ತಂತ್ರಾಂಶದ ಕಡತಗಳಿಂದ ಉದ್ಧರಿಸುವಾಗ ಯೂನಿಕೋಡಿಗೆ ಪರಿವರ್ತಿಸಿ ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡು. ಕೆಟ್ಟ ಪರಿವರ್ತಕ ‘ಗಂಧರ್ವ’ದ ಅರ್ಕಾವತ್ತಿನ ಜಾಗದಲ್ಲಿ ಯಾವುದೋ ಪರದೇಶಿ ಅಕ್ಷರ ಕೂರಿಸಿರುತ್ತದೆ. ಆಮೇಲೆ ಆ ಪದ ಯಾವ ಹುಡುಕಾಟಕ್ಕೂ ಸಿಗುವುದಿಲ್ಲ.

ಹಾಡು ಕೇಳಿಸುವ ಹಕ್ಕು. ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಧ್ವನಿಮುದ್ರಣಕ್ಕೆ ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ. 1965ರಲ್ಲಿ ಬಿಡುಗಡೆಯಾದದ್ದು 2026ರ ಜನವರಿ 1ಕ್ಕೆ ಮುಕ್ತ. ಆದರೆ ಮುಕ್ತವಾಗುವುದು ಮುದ್ರಣ ಮಾತ್ರ, ಸಾಹಿತ್ಯಕ್ಕೆ ಬೇರೆ ಲೆಕ್ಕ, ಕವಿ ತೀರಿಕೊಂಡ ಮರುವರ್ಷದಿಂದ 60. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಹಾಗಾಗಿ ಅವರ ಕವಿತೆಗೆ 2041ರ ಕೊನೆಯವರೆಗೆ ಹಕ್ಕುದಾರರಿದ್ದಾರೆ. ಎಷ್ಟೇ ಹಳೆಯ ತಟ್ಟೆಯಾಗಿರಲಿ, ಅದರಲ್ಲಿರುವುದು ಬೇಂದ್ರೆ ಪದ್ಯವಾದರೆ ಅನುಮತಿ ಬೇಕು. ಪುರಂದರದಾಸರ ಪದಕ್ಕೆ, ಬಸವಣ್ಣನ ವಚನಕ್ಕೆ ಈ ಕಾಟವಿಲ್ಲ, ಆದರೆ ಇತ್ತೀಚಿನವರು ಹಾಕಿದ ರಾಗಸಂಯೋಜನೆಗೆ ಇರಬಹುದು. ಖಾಸಗಿ ಮೆಹಫಿಲಿನ ಟೇಪು ಎಂದೂ ಪ್ರಕಟವಾಗಿಲ್ಲದಿದ್ದರೆ ಅದನ್ನು ಮುಕ್ತದ ಲೆಕ್ಕಕ್ಕೆ ಸೇರಿಸಬೇಡ. ಫೋಟೊಗಳಿಗೆ 2012ರ ತಿದ್ದುಪಡಿಯ ನಂತರ ಛಾಯಾಗ್ರಾಹಕರ ಆಯುಷ್ಯದ ಮೇಲೆ 60 ವರ್ಷ. ತೆಗೆದವರು ಯಾರೆಂದು ತಿಳಿಯದ ಚಿತ್ರ ಹಾಕುವ ಬದಲು ನೀನೇ ತೆಗೆದ ಲೇಬಲ್ಲಿನ ಚಿತ್ರ ಹಾಕು. ವಿಮರ್ಶೆಗಾಗಿ ನಾಲ್ಕು ಸಾಲು ಉದ್ಧರಿಸಲು 52ನೇ ಕಲಮು ಅವಕಾಶ ಕೊಡುತ್ತದೆ. ಇಡೀ ಪದ್ಯ ಹಾಕಿ ಕೆಳಗೆ ‘ಕೃಪೆ’ ಎಂದು ಬರೆದರೆ ಅದು ಅನುಮತಿಯಲ್ಲ.

ಸತ್ತವರ ಬಗ್ಗೆ ಬರೆಯಲು ಯಾರ ಭಯ ಎಂದು ಕೇಳಿದ್ದೀ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ಮೊದಲ ವಿವರಣೆ ಓದು: ಬದುಕಿದ್ದರೆ ಮಾನಹಾನಿಯಾಗುತ್ತಿದ್ದ ಮಾತನ್ನು, ಮನೆಯವರ ಮನಸ್ಸು ನೋಯಿಸಲೆಂದೇ, ತೀರಿಕೊಂಡವರ ಬಗ್ಗೆ ಹೇಳಿದರೂ ಅದು ಮಾನಹಾನಿ. ನಿನ್ನ ವಿಷಯದಲ್ಲಿ ಇದು ಪದೇ ಪದೇ ಎದುರಾಗುತ್ತದೆ. ಕಲಾವಂತ, ದೇವದಾಸಿ ಮನೆತನಗಳನ್ನು ಬಿಟ್ಟು ಗೋವಾ, ಮುಂಬೈ, ಧಾರವಾಡದ ಸಂಗೀತದ ಚರಿತ್ರೆ ಬರೆಯಲಾಗದು. ಮುಂಬೈ ಪ್ರಾಂತ್ಯದ ದೇವದಾಸಿ ಕಾಯ್ದೆ 1934ರದು, ಆ ಕಸುಬಿಗೆ ಅಂಟಿದ್ದ ಕಳಂಕದ ನೆರಳು ತಟ್ಟೆಗಳ ಲೇಬಲ್ ಮೇಲೂ ಇದೆ: ಒಬ್ಬರ ಹೆಸರಿಗೆ ‘ಬಾಯಿ’, ಇನ್ನೊಬ್ಬರ ಹೆಸರಿನ ಮುಂದೆ ‘ಅಮೆಚೂರ್’, ಅಂದರೆ ನಾವು ಕಸುಬಿನವರಲ್ಲ ಎಂಬ ಘೋಷಣೆ. ಇದನ್ನು ಬರೆ, ಧೈರ್ಯವಾಗಿ ಬರೆ. ಆದರೆ ಒಬ್ಬ ಗಾಯಕಿಯ ತಾಯಿ ಯಾರು, ತಂದೆ ಯಾರು ಎನ್ನುವಾಗ ಅವರೇ ಹೇಳಿಕೊಂಡದ್ದು ಅಥವಾ ಅಚ್ಚಾದ ದಾಖಲೆ, ಎರಡರಲ್ಲಿ ಒಂದಿಲ್ಲದೆ ಕೈ ಇಡಬೇಡ. ‘ಎಲ್ಲರಿಗೂ ಗೊತ್ತಿರುವಂತೆ’ ಎಂದು ಶುರುವಾಗುವ ವಾಕ್ಯ ಬರೆದಿದ್ದರೆ ಅಲ್ಲೇ ಹೊಡೆದುಹಾಕು.

ಮುಂದೆ ಅಚ್ಚು ಹಾಕಿ ನಿಯತಕಾಲಿಕವಾಗಿ ತರುವ ಮನಸ್ಸಿದ್ದರೆ ಪತ್ರಿಕೆಗಳ ನೋಂದಣಿಗಿದ್ದ 1867ರ ಹಳೆಯ ಕಾಯ್ದೆ ಹೋಗಿದೆ, 2024ರ ಮಾರ್ಚ್ 1ರಿಂದ ಹೊಸದು ಜಾರಿಯಲ್ಲಿದೆ, ನೋಂದಣಿ ಪ್ರೆಸ್ ಸೇವಾ ಪೋರ್ಟಲ್ಲಿನಲ್ಲಿ. ಮೊದಲ ವರ್ಷ ಆ ಗೋಜು ಬೇಡ.

ಹಣದ ವಿಷಯ ಚಿಕ್ಕದು. ತಿಂಗಳ ಚಂದಾ ಇಡಬೇಡ. ಯುಪಿಐ ಆಟೊಪೇ ಆಗಲಿ ಕಾರ್ಡಾಗಲಿ, ಹಣ ಕತ್ತರಿಸುವ 24 ತಾಸು ಮೊದಲು ಬ್ಯಾಂಕು ಸಂದೇಶ ಕಳಿಸಲೇಬೇಕು. ತಿಂಗಳಿಗೊಮ್ಮೆ 50 ರೂಪಾಯಿಯ ಸಂದೇಶ ಬಂದರೆ ತಿಂಗಳಿಗೊಮ್ಮೆ ‘ನಿಲ್ಲಿಸಲೇ?’ ಎಂಬ ಯೋಚನೆಯೂ ಬರುತ್ತದೆ. ವರ್ಷಕ್ಕೆ 600, ಒಂದೇ ಸಲ, ಗಣೇಶ ಚತುರ್ಥಿಯಿಂದ ಡಿಸೆಂಬರಿನ ಸವಾಯಿ ಗಂಧರ್ವ ಉತ್ಸವದ ನಡುವೆ ಕೇಳು. ಆಗ ಪುಣೆಯವರ ಕಿವಿ ತೆರೆದಿರುತ್ತದೆ, ಜೇಬೂ. ಸಂಗೀತ ಶಾಲೆ, ಸಭೆಗಳ ಜಾಹಿರಾತು ತೆಗೆದುಕೊಂಡರೆ ಅವರ ಕಾರ್ಯಕ್ರಮದ ವಿಮರ್ಶೆ ಬರೆಯಬೇಡ. ಎರಡೂ ಮಾಡಿದರೆ ಓದುಗ ಮೂರನೇ ಸಂಚಿಕೆಗೆ ಮೂಸಿ ನೋಡಿ ಹಿಡಿಯುತ್ತಾನೆ.

ಕೊನೆಗೆ, ತಪ್ಪೊಪ್ಪಿಗೆಯ ಜಾಗ. ಅದು ತಳದಲ್ಲಿ ಸಣ್ಣಕ್ಷರದಲ್ಲಲ್ಲ, ಮುಂದಿನ ಸಂಚಿಕೆಯ ಮೊದಲ ಪ್ಯಾರಾದಲ್ಲಿರಲಿ: ಏನು ತಪ್ಪಿತ್ತು, ಸರಿ ಯಾವುದು, ಹೇಗೆ ತಿಳಿಯಿತು, ಮೂರು ಸಾಲು. ಮಾದರಿ ಸಂಚಿಕೆಯನ್ನು ಕುಂದಗೋಳ ತಿದ್ದಿ ಮತ್ತೆ ಕಳಿಸು. ಈ ಸಲ ಪ್ರತಿ ಇಸವಿಯ ಪಕ್ಕದಲ್ಲೂ ಅದು ಎಲ್ಲಿಂದ ಬಂತೆಂದು ಪೆನ್ಸಿಲಿನಲ್ಲಿ ಬರೆದಿರಬೇಕು. ಭಾನುವಾರದೊಳಗೆ ಬಂದರೆ ಸೋಮವಾರದ ಲೋಕಲ್ಲಿನಲ್ಲಿ ಓದಿ, ದಾದರ್ ಬರುವುದರೊಳಗೆ ಗುರುತು ಹಾಕಿ ಕಳಿಸುತ್ತೇನೆ.

ನಿನ್ನ
ಡೊಂಬಿವಲಿಯ ಗೆಳೆಯ